ಗುಂಡಿಗೆ ಸಿಗದ ಮಾತು

ಮಾರ್ಲೀನ್ ವಾಂಡಹೇ ನಮ್ಮ ಮೆನೋಕಾದ ರೇಡಿಯೋ ಸ್ಟೇಷನ್ನಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕೆಲಸ ಮಾಡಿದಳು. ಆದರೆ ರೇಡಿಯೋದಲ್ಲಿ ಅವಳ ದನಿ ಕೇಳಿದವರು ಊರಿನಲ್ಲಿ ಒಬ್ಬರೂ ಇರಲಿಲ್ಲ. ಅವಳ ಕೆಲಸವೇ ಅಂಥದ್ದು. ಗಾಜಿನ ಆಚೆ ಡ್ವೇನ್ ರಾಡ್ಕೆ ಕೂತು ಮಧ್ಯಾಹ್ನ ಮೂರರಿಂದ ಆರರ ತನಕ ದೇಶ ಹಾಳಾಯಿತೆಂದು ಗಂಟಲು ಹರಿದುಕೊಳ್ಳುತ್ತಿದ್ದ. ಗಾಜಿನ ಈಚೆ ಮಾರ್ಲೀನ್ ಕೂತು ಫೋನು ಎತ್ತಿ, ಯಾರು, ಯಾವ ಊರು, ಏನು ವಿಷಯ ಎಂದು ವಿಚಾರಿಸಿ, ಕುಡಿದವರನ್ನೂ ತಿಕ್ಕಲರನ್ನೂ ಬದಿಗೆ ಸರಿಸಿ, ಉಳಿದವರನ್ನು ಅವನಿಗೆ ದಾಟಿಸುತ್ತಿದ್ದಳು. ಅವಳ ಬಲಗೈ ಪಕ್ಕದಲ್ಲಿ ಬಿಸ್ಕತ್ತಿನಷ್ಟು ಅಗಲದ ಒಂದು ಹಳದಿ ಗುಂಡಿ ಇತ್ತು.

ನೇರ ಪ್ರಸಾರ, ನೇರ ಮಾತು ಎಂದು ಡ್ವೇನ್ ಎಷ್ಟೇ ಎದೆ ತಟ್ಟಿಕೊಂಡರೂ ಅವನ ಮಾತು ನೇರವಾಗಿ ಊರಿಗೆ ಹೋಗುತ್ತಿರಲಿಲ್ಲ. ಒಂದು ಯಂತ್ರ ಅದನ್ನು ಏಳೆಂಟು ಸೆಕೆಂಡು ಬಾಯಲ್ಲಿ ಇಟ್ಟುಕೊಂಡು ಆಮೇಲೆ ಹೊರಗೆ ಬಿಡುತ್ತಿತ್ತು. ಫೋನು ಮಾಡಿದವನು ಹೊಲಸು ಮಾತಾಡಿದರೆ ಅಷ್ಟರೊಳಗೆ ಮಾರ್ಲೀನ್ ಗುಂಡಿ ಒತ್ತಬೇಕು. ಒತ್ತಿದರೆ ಆ ಮಾತು ಅಲ್ಲೇ ಮಾಯ. ಯಾವುದು ಹೊಲಸು ಎನ್ನುವುದನ್ನು ಅವಳು ಯೋಚಿಸಬೇಕಾಗಿರಲಿಲ್ಲ. ಸೊಂಟದಿಂದ ಕೆಳಗಿನ ನಾಲ್ಕಾರು ಶಬ್ದಗಳು, ಅವು ಗಾಳಿಗೆ, ಅಂದರೆ ಪ್ರಸಾರಕ್ಕೆ, ಹೋದರೆ ಸ್ಟೇಷನ್ನಿಗೆ ದಂಡ. ಮಿಕ್ಕ ಹಾಗೆ ಯಾರ ಮೇಲೆ ಯಾವ ವಿಷ ಕಾರಿದರೂ ಅದಕ್ಕೆ ಗುಂಡಿಯ ತೊಂದರೆ ಇರಲಿಲ್ಲ.

ಆ ಗುಂಡಿಗೆ ಒಂದು ಐಬಿತ್ತು. ಒಮ್ಮೆ ಒತ್ತಿದರೆ ಯಂತ್ರದ ಬಾಯಲ್ಲಿದ್ದದ್ದೆಲ್ಲ ಹೋಗಿ ಅದು ಖಾಲಿಯಾಗುತ್ತಿತ್ತು. ಮತ್ತೆ ತುಂಬಿಕೊಳ್ಳಲು ಒಂದಿಷ್ಟು ಹೊತ್ತು ಬೇಕು. ಅಲ್ಲಿಯವರೆಗೆ ಪಕ್ಕದಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಆ ದೀಪ ಉರಿಯುವಾಗ ಯಾರು ಏನೇ ಆಡಿದರೂ ತಡೆಯುವವರಿಲ್ಲ. ಅದಕ್ಕೇ ಗುಂಡಿ ಒತ್ತಿದ ಕೂಡಲೇ ಮಾರ್ಲೀನ್ ಕತ್ತಿನ ಮೇಲೆ ಬೆರಳೆಳೆದು ತೋರಿಸುತ್ತಿದ್ದಳು, ಡ್ವೇನ್ ಜಾಹೀರಾತಿಗೆ ಹೋಗುತ್ತಿದ್ದ. ಟ್ರಾಕ್ಟರಿನದೋ ಹಾಸಿಗೆ ಅಂಗಡಿಯದೋ ಜಾಹೀರಾತು ಮುಗಿಯುವಷ್ಟರಲ್ಲಿ ದೀಪ ಹಸಿರಾಗುತ್ತಿತ್ತು.

ಮಾರ್ಲೀನ್ ಹುಟ್ಟಿನಿಂದ ವಾಂಡಹೇ ಅಲ್ಲ. ಅವಳಪ್ಪ ಮ್ಯಾಕ್ಸ್ ಶುಲ್ಕಿನ್ ಕಾಗದದ ಗಿರಣಿಯ ಎದುರು ಬೂಟಿನ ಅಂಗಡಿ ಇಟ್ಟಿದ್ದ ಯಹೂದಿ. ಆತ ಮಗಳಿಗೆ ಕಲಿಸಿದ ಬುದ್ಧಿ ಒಂದೇ: "ಕೇಳಿದ್ರೆ ಸುಳ್ಳು ಹೇಳ್ಬೇಡ, ಕೇಳ್ದಿದ್ರೆ ಬಾಯಿ ಬಿಡಬೇಡ." ಅವಳು ಗಿರಣಿಯಲ್ಲಿ ಕೆಲಸಕ್ಕಿದ್ದ ಗಾರ್ಡನ್ ವಾಂಡಹೇಯನ್ನು ಮದುವೆಯಾದಳು. ಹೆಸರು ಬದಲಾಯಿತು. ಕ್ರಿಸ್‌ಮಸ್ಸಿಗೆ ಮನೆ ಮುಂದೆ ದೀಪ ಹಾಕಿದಳು, ಶುಕ್ರವಾರ ಎಲ್ಲರ ಹಾಗೆ ಹೋಟೆಲಿಗೆ ಹೋಗಿ ಕರಿದ ಮೀನು ತಿಂದಳು, ಫುಟ್‌ಬಾಲ್ ಪಂದ್ಯವಿದ್ದ ದಿನ ತಂಡದ ಹಸಿರು ಅಂಗಿ ತೊಟ್ಟಳು. ನಮ್ಮ ವಿಸ್ಕಾನ್ಸಿನ್ ರಾಜ್ಯದಲ್ಲಿ ಇಷ್ಟು ಮಾಡಿದರೆ ಯಾರೂ ಏನೂ ಕೇಳುವುದಿಲ್ಲ. ಕೇಳಲಿಲ್ಲ, ಅವಳು ಹೇಳಲಿಲ್ಲ.

ಗಾರ್ಡನ್ ಶ್ವಾಸಕೋಶ ಕೆಟ್ಟು ಸತ್ತ ಮೇಲೆ ಅವಳಿಗೆ ಶನಿವಾರ ಕಳೆಯುವುದೇ ಕಷ್ಟವಾಯಿತು. ಒಂದು ಶನಿವಾರ ಕಾಲು ತಾನಾಗಿ ವಾಟರ್ ಬೀದಿಗೆ ಎಳೆಯಿತು. ಅಲ್ಲಿ ಬೇಕರಿಯ ಹಿಂದೆ ಇಟ್ಟಿಗೆಯ ಒಂದು ಸಣ್ಣ ಕಟ್ಟಡ. ಯಹೂದಿಗಳ ಪ್ರಾರ್ಥನಾಮಂದಿರ ಎಂದು ಬೋರ್ಡು ಕೂಡ ಇಲ್ಲ. ಪುರೋಹಿತರನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲದ್ದರಿಂದ ಹಿಂದೆ ಕನ್ನಡಕದ ಅಂಗಡಿ ನಡೆಸುತ್ತಿದ್ದ ಹೈಮನ್ ಪರ್ಲ್‌ಮಟರ್ ಎಂಬ ಮುದುಕರೇ ಪ್ರಾರ್ಥನೆ ನಡೆಸುತ್ತಿದ್ದರು. ಹತ್ತು ಜನ ಕೂಡದಿದ್ದರೆ ಕೆಲವು ಮುಖ್ಯ ಪ್ರಾರ್ಥನೆಗಳನ್ನು, ಸತ್ತವರ ಹೆಸರಿನಲ್ಲಿ ಹೇಳುವುದನ್ನೂ ಸೇರಿಸಿ, ಹೇಳುವ ಹಾಗಿಲ್ಲ. ನಮ್ಮೂರಿನಲ್ಲಿ ಹತ್ತು ಜನ ಯಹೂದಿಗಳನ್ನು ಒಂದು ಕಡೆ ಕೂಡಿಸುವುದು ಹತ್ತು ಬೆಕ್ಕುಗಳನ್ನು ಕೂಡಿಸಿದ ಹಾಗೆ. ಒಬ್ಬರಿಗೆ ಮಂಡಿನೋವು, ಇನ್ನೊಬ್ಬರು ಫ್ಲಾರಿಡಾದ ಮಗಳ ಮನೆಯಲ್ಲಿ.

"ಒಂಬತ್ತು ಜನ ಪಂಡಿತರು ಕೂತ್ರೂ ದೇವರು ಬಾಗಿಲ ಹೊರಗೇ ನಿಂತಿರ್ತಾನೆ," ಎಂದು ಹೈಮನ್ ಅವಳನ್ನು ಕಂಡಾಗಲೆಲ್ಲ ನಗಾಡುತ್ತಿದ್ದರು. "ಹತ್ತನೆಯವಳಾಗಿ ಒಬ್ಬ ರೇಡಿಯೋದವಳು ಬಂದ್ಲು ಅಂದ್ರೆ ಓಡಿಬರ್ತಾನೆ. ಬಾ ಮಗಳೇ, ಕೂತ್ಕೋ."

ಯಾರಿಗಾದರೂ ತಾನು ಬೇಕಾಗಿದ್ದೇನೆ ಎನ್ನಿಸಿ ಅವಳಿಗೆ ಸುಖವಾಗುತ್ತಿತ್ತು. ಸ್ಟೇಷನ್ನಿನಲ್ಲಿ ಮಾತ್ರ ಇದು ಯಾರಿಗೂ ಗೊತ್ತಿರಲಿಲ್ಲ.

ಇನ್ನು ಡ್ವೇನ್. ಅವನನ್ನು ಬರೀ ಕೆಟ್ಟವನೆಂದು ಹೇಳಿ ಕೈ ತೊಳೆದುಕೊಳ್ಳಲು ನನಗೂ ಇಷ್ಟ, ಆದರೆ ಗಾರ್ಡನ್ ಹಾಸಿಗೆ ಹಿಡಿದಾಗ ಜಿಂಕೆ ಮಾಂಸದ ಸಾಸೇಜು ಹೊತ್ತುಕೊಂಡು ಮನೆಗೆ ಬಂದು, ಅವರ ಅಂಗಳದ ಹಿಮವನ್ನು ತಾನೇ ಗುದ್ದಲಿ ಹಿಡಿದು ತೆಗೆದವನು ಅವನೇ. ಪ್ರತಿ ವಸಂತದಲ್ಲೂ ಅವನು ಕೇಳುಗರನ್ನು ಕರೆದುಕೊಂಡು ಇಸ್ರೇಲಿಗೆ ಯಾತ್ರೆ ಹೋಗುತ್ತಿದ್ದ. ಸ್ಟೇಷನ್ನಿನ ಬಾಗಿಲಲ್ಲೇ ಅವನು ಬಿಳಿ ನಿಲುವಂಗಿ ತೊಟ್ಟು ಜೋರ್ಡಾನ್ ನದಿಯಲ್ಲಿ ಎದೆಮಟ್ಟ ನಿಂತ ಫೋಟೋ ಇತ್ತು. ಅಲ್ಲಿಯ ಯಹೂದಿಗಳೆಂದರೆ ಅವನಿಗೆ ಕಣ್ಣಲ್ಲಿ ನೀರು. ಇಲ್ಲಿಯವರ ಮಾತು ಬಂದರೆ ತುಟಿಯ ಮೂಲೆಯಲ್ಲಿ ಒಂದು ನಗೆ. ಬೆಳಗಿನ ಕಾರ್ಯಕ್ರಮದ ಕಿಪ್ ಲಿಂಡಾಲ್ ಇದ್ದನಲ್ಲ, ಅವನೂ ಇದೇ ಅಚ್ಚು. ಕೋಟಿನ ಎದೆಗೆ ನಮ್ಮದೂ ಇಸ್ರೇಲಿನದೂ ಎರಡು ಬಾವುಟ ಚುಚ್ಚಿಕೊಂಡು, ವಿಶ್ವವಿದ್ಯಾಲಯಗಳಲ್ಲಿ ಯಹೂದಿ ಮಕ್ಕಳಿಗೆ ಅನ್ಯಾಯವಾಗುತ್ತಿದೆ ಎಂದು ಬೆಳಗೆಲ್ಲ ಕೂಗುತ್ತಿದ್ದ. ಹೇಳುವುದು ಶಾಸ್ತ್ರ, ಹಾಕುವುದು ಗಾಳ.

ಆ ಶರತ್ಕಾಲದಲ್ಲಿ ಕಾಗದದ ಗಿರಣಿ ಮುಚ್ಚಿತು. ಚಿಕಾಗೋದ ಒಂದು ಹಣಕಾಸು ಕಂಪನಿ ಅದನ್ನು ಕೊಂಡು, ಯಂತ್ರ ಬಿಚ್ಚಿ ಮಾರಿ, ಗೇಟಿಗೆ ಬೀಗ ಹಾಕಿತು. ಕಂಪನಿಯ ಮೂವರು ಪಾಲುದಾರರಲ್ಲಿ ಒಬ್ಬನ ಹೆಸರು ಫೆಲ್ಡ್‌ಸ್ಟರ್ನ್. ಮಿಕ್ಕ ಇಬ್ಬರ ಹೆಸರು ಡ್ವೇನನ ಬಾಯಲ್ಲಿ ಒಮ್ಮೆಯೂ ಬರಲಿಲ್ಲ.

"ಫೆಲ್ಡ್...ಸ್ಟರ್ನ್," ಎಂದು ಅವನು ಆ ಹೆಸರನ್ನು ಜಗಿದು ಜಗಿದು ಹೇಳುತ್ತಿದ್ದ. "ನಾನೇನೂ ಹೇಳಲ್ಲಪ್ಪ. ಹೆಸರು ಕೇಳಿದ್ರಲ್ಲ, ಸಾಕು. ಆ ಮಂದಿಗೆ ಕಾಸಿನ ವಾಸನೆ ಎಲ್ಲಿಂದ ಬಡಿಯುತ್ತೋ ಗೊತ್ತಿಲ್ಲ. ಅದಕ್ಕೆ ತಕ್ಕ ಮೂಗು ಕೊಟ್ಟಿದಾನೆ ದೇವರು."

ಗಾಜಿನ ಈಚೆ ಮಾರ್ಲೀನ್ ತನ್ನ ಮೂಗನ್ನು ಮುಟ್ಟಿಕೊಳ್ಳಹೋಗಿ ಕೈ ಕೆಳಗಿಳಿಸಿದಳು. ದೀಪ ಹಸಿರಾಗಿಯೇ ಇತ್ತು. ಮೂಗು ಎನ್ನುವುದು ಸೊಂಟದಿಂದ ಮೇಲಿನ ಮಾತು.

ಊರಿನ ಪತ್ರಿಕೆ ಇದನ್ನೆಲ್ಲ ಅಚ್ಚು ಹಾಕಿದಾಗ ಡ್ವೇನ್ ಗಾಳಿಯಲ್ಲೇ ನಕ್ಕ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರೆ ನಾನೇನು ಮಾಡ್ಲಿ?" ಮರುದಿನ ಬೆಳಿಗ್ಗೆ ಕಿಪ್ ಅವನ ಪರವಾಗಿ ಗುಡುಗಿದ: "ಡ್ವೇನ್ ಎಷ್ಟು ಸಲ ಇಸ್ರೇಲಿಗೆ ಹೋಗಿ ಬಂದಿದಾನೆ ಗೊತ್ತಾ? ಅವನನ್ನ ಯಹೂದಿ ದ್ವೇಷಿ ಅನ್ನೋರಿಗೆ ನಾಚಿಕೆ ಆಗ್ಬೇಕು. ಪತ್ರಿಕೆಯವರು ಕ್ಷಮೆ ಕೇಳ್ಬೇಕು." ಅದರ ಬೆನ್ನಿಗೇ ಮುಂದಿನ ಯಾತ್ರೆಯ ಜಾಹೀರಾತು.

ಮಾರ್ಲೀನಳಿಗೆ ಭಯ ಶುರುವಾದದ್ದು ಈ ಇಬ್ಬರಿಂದಲ್ಲ, ಫೋನಿನಿಂದ. ಡ್ವೇನ್ ನಗುತ್ತಾ ಬಿತ್ತಿದ್ದನ್ನು ಜನ ನಗದೆ ಕೊಯ್ಯತೊಡಗಿದರು. ಮೊದಲು ಫುಟ್‌ಬಾಲ್, ಜಿಂಕೆ ಬೇಟೆ, ಆಸ್ತಿ ತೆರಿಗೆ ಎನ್ನುತ್ತಿದ್ದ ದನಿಗಳೇ ಈಗ "ಅವರ ವಿಷಯ" ಎನ್ನುತ್ತಿದ್ದವು. ಅವಳಿಗೆ ಅವರ ಮುಖ ಗೊತ್ತಿಲ್ಲ, ದನಿ ಗೊತ್ತು. ಕೆಲವರನ್ನು ಹತ್ತು ವರ್ಷದಿಂದ ಬಲ್ಲಳು. ಯಾರ ಹೆಂಡತಿಗೆ ಸಕ್ಕರೆ ಕಾಯಿಲೆ, ಯಾರ ಮಗ ಸೈನ್ಯದಲ್ಲಿ ಎಂಬುದೆಲ್ಲ ಗೊತ್ತು. "ಹೇಗಿದೀಯ ತಾಯಿ? ಡ್ವೇನ್‌ಗೆ ಕೊಡು, ಆ ಜನದ ಬಗ್ಗೆ ಎರಡು ಮಾತು ಹೇಳ್ಬೇಕು," ಎಂದು ಅವರು ಅವಳೊಂದಿಗೆ ಅಕ್ಕರೆಯಿಂದಲೇ ಮಾತಾಡುತ್ತಿದ್ದರು. ಅವಳು ಸಾಲಿಗೆ ಹಾಕುತ್ತಿದ್ದಳು. ಹಾಕದಿದ್ದರೆ ಯಾಕೆ ಎಂದು ಡ್ವೇನ್ ಕೇಳುತ್ತಾನೆ. ಕೇಳಿದರೆ ಸುಳ್ಳು ಹೇಳುವ ಹಾಗಿಲ್ಲ.

ಮುಂದಿನ ಶನಿವಾರ ಪ್ರಾರ್ಥನೆ ಮುಗಿದ ಮೇಲೆ ಹೈಮನ್ ಅವಳನ್ನು ಕೋಟು ತೂಗುಹಾಕುವ ಮೂಲೆಗೆ ಕರೆದರು.

"ನಿನ್ನ ಬಗ್ಗೆ ಅಲ್ಲಿ ಯಾರಿಗಾದ್ರೂ ಗೊತ್ತಾ?"

"ಇಲ್ಲ."

"ಗೊತ್ತಾಗೋದೂ ಬೇಡ. ಆದ್ರೆ ಒಂದು ಕೇಳ್ತೀನಿ. ಬಯ್ಯೋದು ಬಯ್ಕೊಳ್ಳಲಿ, ಅದು ನಮಗೇನು ಹೊಸದಲ್ಲ. ಈ ಜಾಗದ ವಿಳಾಸ ಮಾತ್ರ ಯಾರ ಬಾಯಲ್ಲೂ ಬರಬಾರ್ದು. ಒಂದಿಷ್ಟು ಮುದುಕರು ವಾರವಾರ ಇಂಥ ಹೊತ್ತಿಗೆ ಇಂಥ ಕಡೆ ಬಾಗಿಲಿಗೆ ಬೆನ್ನು ಹಾಕ್ಕೊಂಡು ಕೂತಿರ್ತಾರೆ ಅಂತ ಎಲ್ಲಾ ತಲೆಕೆಟ್ಟವರಿಗೂ ಗೊತ್ತಾದ್ರೆ ಏನಾಗುತ್ತೆ ಅಂತ ನಿನಗೆ ಹೇಳ್ಬೇಕಾಗಿಲ್ಲ. ಬೇರೆ ಊರಲ್ಲಿ ಹೀಗೇ ಪ್ರಾರ್ಥನೆಗೆ ಕೂತವರ ಮೇಲೆ ಗುಂಡು ಹಾರಿಸಿದ್ದು ನೋಡಿದೀಯ. ನಿನ್ನ ಹತ್ರ ಆ ಗುಂಡಿ ಇದೆಯಲ್ಲ?"

"ಇದೆ," ಎಂದಳು ಮಾರ್ಲೀನ್. "ವಿಳಾಸ ಬಂದ್ರೆ ಒತ್ತಿಬಿಡ್ತೀನಿ. ಒಂದಕ್ಷರ ಹೊರಗೆ ಹೋಗಲ್ಲ. ಅದು ನನ್ನ ಕೈಲಿದೆ."

ಆ ಮಾತನ್ನು ಅವಳು ಧೈರ್ಯವಾಗಿಯೇ ಹೇಳಿದಳು.

ಬುಧವಾರ ನಾಲ್ಕೂವರೆ ಸುಮಾರಿಗೆ ಕರ್ಟ್ ಎಂಬವನು ಫೋನು ಮಾಡಿದ. ಹೊಸ ದನಿ. ಮೆತ್ತಗೆ, ಮರ್ಯಾದೆಯಿಂದ ಮಾತಾಡಿದ. ಗಿರಣಿಯಲ್ಲಿ ಕೆಲಸಕ್ಕಿದ್ದೆ, ಅದರ ಬಗ್ಗೆ ಹೇಳಬೇಕು ಎಂದ. ಗಾರ್ಡನ್ ಜೊತೆ ದುಡಿದವನಿರಬಹುದು ಎಂದುಕೊಂಡು ಮಾರ್ಲೀನ್ ಅವನನ್ನು ಬೇಗನೆ ಸಾಲಿಗೆ ಹಾಕಿದಳು. ಗಾಳಿಗೆ ಹೋದ ಮೇಲೂ ಅವನು ಮೊದಮೊದಲು ಚೆನ್ನಾಗಿಯೇ ಮಾತಾಡಿದ. ಮೂವತ್ತು ವರ್ಷ ಒಂದೇ ಯಂತ್ರದ ಮುಂದೆ ನಿಂತದ್ದು, ಸಾಮಾನು ತುಂಬಿಕೊಳ್ಳಲು ಒಂದು ಪೆಟ್ಟಿಗೆ ಕೊಟ್ಟು ಗೇಟಿನಿಂದ ಕಳಿಸಿದ್ದು. ಹೇಳುತ್ತಾ ಹೇಳುತ್ತಾ ಅವನು ಅತ್ತುಬಿಟ್ಟ. ಅಳುತ್ತಲೇ ಕಂಪನಿಯ ಮೇಲೆ ಒಂದು ಹೊಲಸು ಬೈಗುಳ ಹಾಕಿದ.

ಮಾರ್ಲೀನಳ ಕೈ ಯೋಚಿಸಲಿಲ್ಲ. ಅಷ್ಟು ವರ್ಷದ ಅಭ್ಯಾಸ, ಬೈಗುಳ ಮುಗಿಯುವ ಮೊದಲೇ ಗುಂಡಿ ಒತ್ತಿತ್ತು. ಕೆಂಪು ದೀಪ ಹತ್ತಿತು. ಅವಳು ಕತ್ತಿನ ಮೇಲೆ ಬೆರಳೆಳೆದು ತೋರಿಸಿದಳು.

ಡ್ವೇನ್ ತಲೆಯಾಡಿಸಿ ಬೇಡವೆಂದ. ಅಳುವ ಗಂಡಸು ಗಾಳಿಯಲ್ಲಿದ್ದಾಗ ಯಾವ ರೇಡಿಯೋದವನೂ ಹಾಸಿಗೆ ಮಾರಲು ಹೋಗುವುದಿಲ್ಲ. "ಹೇಳಪ್ಪಾ ಕರ್ಟ್, ಹೊಟ್ಟೇಲಿರೋದನ್ನ ಹೊರಗೆ ಹಾಕು," ಎಂದ.

"ನಾವು ಬೀದಿಗೆ ಬಿದ್ವಿ," ಎಂದ ಕರ್ಟ್. "ಅವರಿಗೇನಾಯ್ತು? ನಮ್ಮೂರಲ್ಲೇ ಇದಾರೆ ಅವರ ಜನ. ವಾಟರ್ ಬೀದಿ, ಬೇಕರಿ ಹಿಂದೆ, ಇಟ್ಟಿಗೆ ಕಟ್ಟಡ. ಬೋರ್ಡಿಲ್ಲ, ಅಡಗಿಕೊಂಡಿದಾರೆ. ಶನಿವಾರ ಹತ್ತು ಗಂಟೆಗೆ ಎಲ್ಲಾ ಒಟ್ಟಿಗೆ ಸಿಗ್ತಾರೆ. ಹೋಗಿ ಕೇಳೋಣ ಅಂತೀನಿ, ಅಷ್ಟೇ."

ವಾಟರ್ ಎನ್ನುವ ಶಬ್ದ ಬರುತ್ತಲೇ ಅವಳು ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ಅಂಗೈಯಿಂದ ಬಡಿದಳು. ದೀಪ ಕೆಂಪಾಗಿಯೇ ಇತ್ತು. ಯಂತ್ರದ ಬಾಯಲ್ಲಿ ನುಂಗಲು ಏನೂ ಇರಲಿಲ್ಲ, ಇದ್ದದ್ದೆಲ್ಲ ಒಂದು ಪೋಲಿ ಬೈಗುಳಕ್ಕೆ ಖರ್ಚಾಗಿತ್ತು. ಕೊನೆಗೆ ಅವಳು ಎರಡೂ ಕೈಯಿಂದ ಎಲ್ಲ ಸ್ವಿಚ್ಚುಗಳನ್ನೂ ಕೆಳಗೆಳೆದುಬಿಟ್ಟಳು. ಊರಿನ ರೇಡಿಯೋಗಳೆಲ್ಲ ಒಮ್ಮೆಲೇ ಸುಮ್ಮನಾದವು. ಆದರೆ ಹೋಗಬೇಕಾದ್ದು ಹೋಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಡ್ವೇನ್ ಈಚೆ ಬಂದು ಸ್ವಿಚ್ಚು ಮೇಲೆತ್ತಿ ಜಾಹೀರಾತು ಹಾಕಿದ. ಗಾಳಿಯನ್ನು ದನಿಯಿಲ್ಲದೆ ಬಿಡುವುದು ಅವರ ಕಸುಬಿನಲ್ಲಿ ಎಲ್ಲಕ್ಕಿಂತ ದೊಡ್ಡ ಪಾಪ.

"ಏನಾಯ್ತು ಮಾರಾಯ್ತಿ? ಹಾರ್ಟ್ ಅಟ್ಯಾಕ್ ಆಯ್ತಾ?"

"ವಿಳಾಸ ಹೇಳಿದ, ಡ್ವೇನ್. ಟೈಮೂ ಹೇಳಿದ."

"ಹೇಳ್ಲಿ ಬಿಡು. ಕರ್ಟ್ ಪಾಪದವನು, ನೊಂದಿದಾನೆ. ಅದಕ್ಕೆ ನೀನ್ಯಾಕೆ ಹೀಗೆ ಹೆದರ್ತೀಯ?"

"ಶನಿವಾರ ನಾನೂ ಅಲ್ಲಿರ್ತೀನಿ," ಎಂದಳು. "ನಾನೂ ಅವರವಳೇ."

ಡ್ವೇನನ ಮುಖದಲ್ಲಿ ಮೊದಲು ಆಶ್ಚರ್ಯ ಕಂಡಿತು. ನಾಚಿಕೆ ಬರುತ್ತದೆಂದು ಅವಳು ಕಾದಳು. ಅದು ಬರಲಿಲ್ಲ. ಬದಲಿಗೆ ಹಬ್ಬದ ದಿನದ ಹುಡುಗನಂತೆ ಅವನ ಮುಖ ಅರಳಿತು.

ಸಂಜೆ ಹೈಮನ್ ಫೋನು ಮಾಡಿದರು. ಬಯ್ಯಲಿಲ್ಲ.

"ಗುಂಡಿ ಒತ್ತಲಿಲ್ವಾ ಮಗಳೇ?"

"ಒತ್ತಿದೆ. ಅದಕ್ಕೆ ಮೊದಲೇ ಒಂದು ಸಲ ಒತ್ತಿಬಿಟ್ಟಿದ್ದೆ. ಅವನೊಂದು ಹೊಲಸು ಮಾತಾಡಿದ್ದ. ಒಮ್ಮೆ ಒತ್ತಿದ್ರೆ ಸ್ವಲ್ಪ ಹೊತ್ತು ಕೆಲಸ ಮಾಡಲ್ಲ ಅದು."

"ಹೊಲಸು ಮಾತಿಗಾ," ಎಂದರು ಹೈಮನ್. ಆಮೇಲೆ, ಪೊಲೀಸರಿಗೆ ಹೇಳಿದ್ದೇನೆ, ಬಿಡುವಿದ್ದರೆ ಒಂದು ಗಾಡಿ ಕಳಿಸುತ್ತಾರಂತೆ ಎಂದರು.

"ನಾನು ಡ್ವೇನ್‌ಗೆ ಹೇಳ್ತೀನಿ. ಅವನ ಮಾತು ಜನ ಕೇಳ್ತಾರೆ. ಆ ಕಡೆ ಯಾರೂ ಹೋಗ್ಬೇಡಿ ಅಂತ ಅವನ ಬಾಯಲ್ಲೇ ಹೇಳಿಸ್ತೀನಿ."

"ಬೇಡ. ಆ ಮನುಷ್ಯನ ಹತ್ರ ಏನೂ ಕೇಳ್ಬೇಡ, ಮಾರ್ಲೀನ್. ಅವನು ಪುಕ್ಕಟೆ ಏನೂ ಕೊಡಲ್ಲ."

ಅವಳು ಹೂಂ ಎಂದಳು. ಮರುದಿನ ಬೆಳಿಗ್ಗೆ ಅಂಗಡಿಗೆ ಹೋದಳು. ಹಣ ಕೊಡುವ ಸಾಲಿನಲ್ಲಿ ನಿಂತಿದ್ದಾಗ ಹಿಂದಿನಿಂದ, "ಸ್ವಲ್ಪ ಜರುಗ್ತೀರಾ ಅಮ್ಮ, ಗಾಡಿ ತಾಗೀತು," ಎಂದು ಒಂದು ದನಿ ಬಂತು. ಮೆತ್ತಗಿನ, ಮರ್ಯಾದೆಯ ದನಿ. ಬುಧವಾರ ಫೋನಿನಲ್ಲಿ ಕೇಳಿದ್ದು ಇದನ್ನೇ ಎನ್ನಿಸಿತು ಅವಳಿಗೆ. ತಿರುಗಿ ನೋಡಿದರೆ ಅರವತ್ತರ ಆಸುಪಾಸಿನ ಒಬ್ಬ ಗಂಡಸು, ಬೇಟೆಯವರ ಕಿತ್ತಳೆ ಬಣ್ಣದ ಟೋಪಿ, ಗಾಡಿಯಲ್ಲಿ ಹಾಲು, ಚೀಸು, ಒಂದು ಪುಟ್ಟ ಮೊಮ್ಮಗಳು. ಮಗು ಅವಳಿಗೆ ಕೈ ಬೀಸಿತು. ಅವನೂ ನಕ್ಕ. ಮಾರ್ಲೀನ್ ತೆಗೆದುಕೊಂಡದ್ದನ್ನೆಲ್ಲ ಅಲ್ಲೇ ಬಿಟ್ಟು ಹೊರಗೆ ನಡೆದಳು. ಕಾರಿನೊಳಗೆ ಕೂತು ಬಾಗಿಲಿನ ಚಿಲಕವನ್ನು ಮತ್ತೆ ಮತ್ತೆ ಮುಟ್ಟಿ ನೋಡಿದಳು. ರಾಕ್ಷಸನಿದ್ದರೆ ಗುರುತು ಹಿಡಿಯಬಹುದಿತ್ತು. ಇವನನ್ನು ಹೇಗೆ ಹಿಡಿಯುವುದು?

ಅವಳು ನೆಟ್ಟಗೆ ಸ್ಟೇಷನ್ನಿಗೆ ಹೋದಳು. ಡ್ವೇನ್ ಅವಳಿಗಾಗಿಯೇ ಕಾಯುತ್ತಿದ್ದ, ಪಕ್ಕದಲ್ಲಿ ಕಿಪ್. ಪತ್ರಿಕೆಯಲ್ಲಿ ಬಂದದ್ದನ್ನು ಓದಿ ಇಬ್ಬರು ದೊಡ್ಡ ಜಾಹೀರಾತುದಾರರು ಹಿಂದೆ ಸರಿದಿದ್ದರು, ಯಾತ್ರೆಗೆ ಹೆಸರು ಕೊಟ್ಟಿದ್ದ ಕೆಲವರು ವಾಪಸು ಪಡೆದಿದ್ದರು.

"ಮೊದಲೇ ಹೇಳೋದಲ್ವಾ," ಎಂದ ಡ್ವೇನ್. "ನಿನ್ನ ಮುಂದೆ ನಾನು ಹಾಗೆಲ್ಲ ಮಾತಾಡ್ತಿದ್ನಾ? ನೀನು ಅವರ ಹಾಗಲ್ಲ ಬಿಡು. ನಾಳೆ ಗಾಳಿಗೆ ಬಂದು ಒಂದೇ ಮಾತು ಹೇಳು ಸಾಕು. ನಾನು ಯಹೂದಿ, ಇಷ್ಟು ವರ್ಷ ಡ್ವೇನ್ ಜೊತೆ ಇದೀನಿ, ಅವನ ಮನಸಲ್ಲಿ ದ್ವೇಷ ಇಲ್ಲ ಅಂತ."

"ಹೇಳ್ತೀನಿ. ಆದ್ರೆ ನೀನೂ ಹೇಳ್ಬೇಕು. ಶನಿವಾರ ಅಲ್ಲಿಗೆ ಯಾರೂ ಹೋಗ್ಬಾರ್ದು, ಅವರನ್ನ ಅವರ ಪಾಡಿಗೆ ಬಿಡಿ ಅಂತ."

"ಅಷ್ಟೇನಾ? ಕೈ ಕೊಡು." ಅವನ ಕೈ ಬೆಚ್ಚಗಿತ್ತು. ಹಿಮ ತೆಗೆದ ಅದೇ ಕೈ. ಆ ಕೈಯನ್ನು ನಂಬುವುದು ಬಿಟ್ಟು ಅವಳಿಗೆ ಬೇರೆ ದಾರಿ ಕಾಣಲಿಲ್ಲ.

ಶುಕ್ರವಾರ ಮಾರ್ಲೀನ್ ಮೊದಲ ಬಾರಿಗೆ ಗಾಜಿನ ಆಚೆ, ಡ್ವೇನ್ ಮತ್ತು ಕಿಪ್ ನಡುವೆ ಕೂತಳು. ಅವಳ ಜಾಗದಲ್ಲಿ ಸ್ಟೇಷನ್ನಿನ ಯಂತ್ರ ರಿಪೇರಿಯ ವರ್ನ್ ಕೂತಿದ್ದ. ದೀಪ ಹಸಿರಾಗಿತ್ತು. ಹೇಳಬೇಕಾದ ಮಾತನ್ನು ಹೇಳಿದಳು. ನಡುವೆ ದನಿ ಒಡೆಯಿತು. ಅದು ಭಯ, ಆದರೆ ಕೇಳುವವರಿಗೆ ಕೃತಜ್ಞತೆಯ ಹಾಗೆ ಕೇಳಿಸಿತು.

"ನೋಡಿದ್ರಾ?" ಎಂದ ಕಿಪ್. "ಕೇಳಿಸ್ಕೊಳ್ಳಿ ಪತ್ರಿಕೆಯವರೇ. ಅವರವಳ ಬಾಯಲ್ಲೇ ಬಂತು."

"ನಮ್ಮ ಮಾರ್ಲೀನ್ ಬಂಗಾರ," ಎಂದ ಡ್ವೇನ್. "ನಾನು ಹೇಳಿದ್ದು ಆ ಇನ್ನೊಂದು ಥರದವರ ಬಗ್ಗೆ, ಗೊತ್ತಲ್ಲ ನಿಮಗೆ. ಇವಳ ಬಗ್ಗೆ ಅಲ್ಲ." ಇಬ್ಬರೂ ನಕ್ಕರು. ಆಮೇಲೆ ಡ್ವೇನ್ ದನಿ ತಗ್ಗಿಸಿ, ಚರ್ಚಿನಲ್ಲಿ ಮಾತಾಡುವ ಹಾಗೆ ಗಂಭೀರವಾದ. "ಇವಳಿಗೆ ಒಂದು ಮಾತು ಕೊಟ್ಟಿದೀನಿ, ನಡೆಸ್ಕೊಡ್ತೀನಿ. ಗೆಳೆಯರೇ, ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ವಾಟರ್ ಬೀದಿಲಿ, ಬೇಕರಿ ಹಿಂದೆ ಇರೋ ಆ ಇಟ್ಟಿಗೆ ಕಟ್ಟಡಕ್ಕೆ ಯಾರೂ ಹೋಗ್ಬೇಡಿ. ನಮ್ಮ ಮಾರ್ಲೀನ್ ವಾಂಡಹೇ ಅಲ್ಲಿರ್ತಾಳೆ. ಅವಳ ಜನ ಪಾಪ ಒಂದಿಷ್ಟು ವಯಸ್ಸಾದೋರು. ಹೆದರಿದಾರೆ. ಬಿಟ್ಬಿಡಿ."

ಅವಳು ಗಾಜಿನ ಕಡೆ ತಿರುಗಿ ಕತ್ತಿನ ಮೇಲೆ ಬೆರಳೆಳೆದಳು. ವರ್ನ್ ಅವಳನ್ನೂ ಗುಂಡಿಯನ್ನೂ ನೋಡಿ ಹೆಗಲು ಕುಣಿಸಿದ. ಹೊಲಸು ಮಾತು ಯಾವುದೂ ಬಂದಿರಲಿಲ್ಲ. ಅವಳು ಮನಸ್ಸಿನಲ್ಲೇ ಎಣಿಸುತ್ತಾ ಹೋದಳು, ಏಳೆಂಟು ಸೆಕೆಂಡು. ಅಷ್ಟು ಹೊತ್ತು ಆ ಮಾತು ಇನ್ನೂ ಊರಿಗೆ ತಲುಪಿರಲಿಲ್ಲ. ಆಮೇಲೆ ತಲುಪಿತು. ಬುಧವಾರ ಕರ್ಟ್ ಹೇಳಿದ್ದನ್ನು ಕೇಳದವರು ಇವತ್ತು ಕೇಳಿದರು, ಮರೆತವರಿಗೆ ನೆನಪಾಯಿತು. ಫೋನಿನ ದೀಪಗಳು ಒಂದೊಂದಾಗಿ ಹತ್ತತೊಡಗಿದವು.

"ಮಾತು ಉಳಿಸ್ಕೊಂಡೆ ನೋಡು," ಎಂದು ಡ್ವೇನ್ ಅವಳ ಬೆನ್ನು ತಟ್ಟಿದ. ಅವನು ಅದನ್ನು ನಂಬಿದ್ದ ಎಂದೇ ನನಗೆ ಅನ್ನಿಸುತ್ತದೆ. ಅವನನ್ನು ಕ್ಷಮಿಸಲಾಗದ್ದೂ ಅದಕ್ಕೇ.

ಶನಿವಾರ ಬೆಳಿಗ್ಗೆ ಮಾರ್ಲೀನ್ ಮನೆಯಲ್ಲೇ ಉಳಿಯಬಹುದಿತ್ತು. ಬೂಟು ಹಾಕಿಕೊಂಡಳು, ತೆಗೆದಳು, ಮತ್ತೆ ಹಾಕಿಕೊಂಡಳು. ತಾನು ಹೋಗದಿದ್ದರೆ ಹತ್ತು ಜನ ಆಗುವುದಿಲ್ಲ ಎನ್ನುವುದೊಂದೇ ಅವಳನ್ನು ಎಬ್ಬಿಸಿದ್ದು. ವಾಟರ್ ಬೀದಿಯಲ್ಲಿ ಎಂದೂ ಇರದಷ್ಟು ಗಾಡಿಗಳು ನಿಂತಿದ್ದವು. ಒಂದು ಪಿಕಪ್ಪಿನಲ್ಲಿ ಇಬ್ಬರು ಗಂಡಸರು ಕಾಫಿ ಕುಡಿಯುತ್ತಾ ಕೂತಿದ್ದರು. ಬೇಕರಿಯ ಗೋಡೆಗೆ ಒರಗಿ ಮೂವರು ನಿಂತಿದ್ದರು. ಒಬ್ಬ ಹೆಂಗಸು ಬಟ್ಟೆ ಮುಚ್ಚಿದ ಪಾತ್ರೆ ಹಿಡಿದಿದ್ದಳು. ಯಾರು ಕಾಯಲು ಬಂದವರು, ಯಾರು ಬರೀ ನೋಡಲು, ಯಾರು ಮತ್ತೇನಕ್ಕೋ, ತಿಳಿಯುವಂತಿರಲಿಲ್ಲ. ಯಾರೂ ಮಾತಾಡಲಿಲ್ಲ. ಮಾತಾಡಿದ್ದರೆ ಕೆಲವರ ದನಿಯಾದರೂ ಅವಳಿಗೆ ಗುರುತು ಸಿಗುತ್ತಿತ್ತು. ಪೊಲೀಸ್ ಗಾಡಿ ಬಂದಿರಲಿಲ್ಲ.

ಅವಳು ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದಳು.

"ಯಾರು?" ಹೈಮನ್‌ರ ದನಿ.

"ನಾನು, ಮಾರ್ಲೀನ್."

"ಜೊತೆಗೆ ಯಾರಿದಾರೆ?"

"ನಾನೊಬ್ಬಳೇ."

ಒಳಗೆ ಪಿಸುಗುಟ್ಟಿದ್ದು ಕೇಳಿಸಿತು.

"ಎಷ್ಟು ಜನ ಬಂದಿದಾರೆ?" ಎಂದು ಅವಳೇ ಕೇಳಿದಳು.

"ಒಂಬತ್ತು." ಹೈಮನ್ ಬಾಗಿಲಿಗೆ ಬಾಯಿಟ್ಟು ಮಾತಾಡುತ್ತಿದ್ದರು, ಉಸಿರು ಕೂಡ ಕೇಳುತ್ತಿತ್ತು. "ಮಗಳೇ, ಎಲ್ಲರೂ ನಿನ್ನೆ ರೇಡಿಯೋ ಕೇಳಿದಾರೆ. ನಿನ್ನ ದನಿ ಕೇಳಿದಾರೆ. ಬಾಗಿಲು ತೆಗೀಬೇಡಿ ಅಂತಿದಾರೆ. ಕೋಪ ಅಲ್ಲ, ಹೆದರಿಕೆ."

"ನಾನು ಬಂದ್ರೆ ಹತ್ತಾಗುತ್ತೆ."

"ಗೊತ್ತು," ಎಂದರು ಹೈಮನ್. ಅವರ ದನಿ ಅಳುವವರ ದನಿಯಾಗಿತ್ತು. "ಇವತ್ತು ಒಂಬತ್ತರಲ್ಲೇ ಮುಗಿಸ್ತೀವಿ. ನೀನು ಮನೆಗೆ ಹೋಗು, ಮಗಳೇ."

ಹೆದರಿಕೆ ಎಂದರೇನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ವಾದ ಮಾಡದೆ ಮೆಟ್ಟಿಲಿಳಿದಳು. ಮನೆಗೆ ಮಾತ್ರ ಹೋಗಲಿಲ್ಲ. ಬಾಗಿಲು ಸರಿಯಾಗಿ ಕಾಣುವಂತೆ ರಸ್ತೆಯ ಆ ಬದಿಗೆ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಒಳಗೆ ಕೂತಳು. ಯಾರಾದರೂ ಆ ಮೆಟ್ಟಿಲ ಕಡೆ ಹೆಜ್ಜೆಯಿಟ್ಟರೆ ಹಾರನ್ ಒತ್ತಬೇಕೆಂದು ಅದರ ಮೇಲೆ ಕೈಯಿಟ್ಟುಕೊಂಡಳು. ಪಿಕಪ್ ಹೊರಟುಹೋಯಿತು. ಗೋಡೆಗೆ ಒರಗಿದ್ದವರು ಒಬ್ಬೊಬ್ಬರಾಗಿ ಚದುರಿದರು. ಪಾತ್ರೆಯ ಹೆಂಗಸು ಅದನ್ನು ಮೆಟ್ಟಿಲ ಬುಡದಲ್ಲಿಟ್ಟು ಹೋದಳು. ಮಾರ್ಲೀನ್ ಕದಲಲಿಲ್ಲ. ಉಸಿರಿನಿಂದ ಕಾರಿನ ಗಾಜು ಮಂಜಾಗುತ್ತಿತ್ತು, ತೋಳಿನಿಂದ ಒರೆಸುತ್ತಿದ್ದಳು, ಮತ್ತೆ ಮಂಜಾಗುತ್ತಿತ್ತು.

ಕೊನೆಗೆ ಬಾಗಿಲು ತೆರೆಯಿತು. ಒಂಬತ್ತು ಜನ ಗುಂಪಾಗಿ ಹೊರಗೆ ಬಂದು ಆಚೀಚೆ ನೋಡಿದರು. ಬೀದಿಯಲ್ಲಿ ಉಳಿದಿದ್ದದ್ದು ಒಂದೇ ಕಾರು, ಮಂಜು ಮುಸುಕಿದ ಗಾಜಿನ ಹಿಂದೆ ಯಾರೋ ಒಬ್ಬರು ಕೂತು ತಮ್ಮನ್ನೇ ನೋಡುತ್ತಿದ್ದರು. ಹೈಮನ್ ಮೆಟ್ಟಿಲ ಬುಡದ ಪಾತ್ರೆಯನ್ನು ಮುಟ್ಟದೆ ದಾಟಿದರು, ಹಿಂದಿದ್ದ ಮುದುಕಿಯ ತೋಳು ಹಿಡಿದು, "ಆ ಕಡೆ ನೋಡ್ಬೇಡಿ, ಬೇಗ ನಡೀರಿ," ಎಂದರು.